ಸಾರಿನ ತಳದಲ್ಲಿರುವ ಲೈಸೀನ್

ಪುಟ್ಟ ಮಕ್ಕಳಿಗೆ ಸಾರಿನ ತಿಳಿ ಮಾತ್ರ ಅನ್ನಕ್ಕೆ ಕಲಸಿ ತಿನ್ನಿಸಿ, ಬೇಳೆಯನ್ನು ಪಾತ್ರೆಯ ತಳದಲ್ಲೇ ಬಿಡುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಆ ಮಗುವಿಗೆ ಬೇಕಾದ ಲೈಸೀನ್ ಇರುವುದು ತಳದಲ್ಲಿ!

ಪ್ರೋಟೀನ್ ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು; ಅವುಗಳಲ್ಲಿ ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದ 9ರಲ್ಲಿ ಲೈಸೀನ್ ಕೂಡ ಒಂದು. ಊಟದಿಂದಲೇ ಬರಬೇಕು. ಚರ್ಮ, ಮೂಳೆಗಳಿಗೆ ಗಟ್ಟಿತನ ಕೊಡುವ ಕೊಲಾಜನ್ ಎಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವುದಕ್ಕೆ ಇದು ಬೇಕು. ಕೊಬ್ಬನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ನೆರವಾಗುವ ಕಾರ್ನಿಟಿನ್ ತಯಾರಾಗುವುದಕ್ಕೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 30 ಮಿಲಿಗ್ರಾಂ, ಅಂದರೆ 60 ಕಿಲೋ ಇರುವವರಿಗೆ 1.8 ಗ್ರಾಂ. ಬೆಳೆಯುವ ಮಕ್ಕಳಿಗೆ ಕಿಲೋ ಲೆಕ್ಕದಲ್ಲಿ ಇದಕ್ಕಿಂತ ಹೆಚ್ಚು.

ಅಕ್ಕಿ, ಗೋಧಿ, ಜೋಳ, ರಾಗಿ ಎಲ್ಲದರಲ್ಲೂ ಲೈಸೀನ್ ಕಡಿಮೆ. ತೊಗರಿ, ಹೆಸರು, ಅವರೆ, ಹುರುಳಿಯಲ್ಲಿ ಧಾರಾಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಧಾನ್ಯಗಳಿಂದ ಸಿಗುತ್ತೆ. ಮುದ್ದೆಗೆ ಹುರುಳಿ ಸಾರು, ಜೋಳದ ರೊಟ್ಟಿಗೆ ಮಡಕೆಕಾಳು ಪಲ್ಯ ಅಂತ ಜೋಡಿ ಮಾಡಿದ ನಮ್ಮ ಅಜ್ಜಿಯಂದಿರ ಬಗ್ಗೆ ನನಗೆ ಅಪಾರ ಗೌರವ. ಎರಡನ್ನೂ ಒಂದೇ ಹೊತ್ತಿಗೆ ತಿನ್ನಲೇಬೇಕು ಅಂತೇನಿಲ್ಲ, ಒಂದೇ ದಿನದಲ್ಲಿ ಸೇರಿದರೂ ಸಾಕು.

ಸಕ್ಕರೆ ಬೆರೆತ ಹಿಟ್ಟು ಕೆಂಪಗೆ ಬೇಯುವಾಗ ಇರುವ ಲೈಸೀನೂ ಒಂದಿಷ್ಟು ಹಾಳಾಗುತ್ತೆ. ಹಾಗಾಗಿ ಬಿಸ್ಕತ್ತು ತಿನ್ನಿಸಿ ಊಟವಾಯಿತು ಅನ್ನಬೇಡಿ. ದಯವಿಟ್ಟು ಸೌಟನ್ನು ತಳದವರೆಗೂ ಇಳಿಸಿ ಬಡಿಸಿ.