ಸದ್ದಿಲ್ಲದೆ ಸದ್ದು ಹೊರಡಿಸುವವರು

ವಿಂಡೋಸ್ ಬದಲು ಲಿನಕ್ಸ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಹಾಡು ರೆಕಾರ್ಡ್ ಮಾಡುತ್ತೇನೆ ಅಂದರೆ ಈಗಲೂ ಕೆಲವರು ಹುಬ್ಬೇರಿಸುತ್ತಾರೆ. ಏರಿಸಲಿ ಬಿಡಿ. ರೆಕಾರ್ಡಿಂಗ್, ಮಿಕ್ಸಿಂಗ್‌ಗೆ ಆರ್ಡೋರ್ ಇದೆ, ಡ್ರಮ್ಸ್‌ಗೆ ಹೈಡ್ರೋಜನ್ ಇದೆ, ಗಿಟಾರ್ ಆಂಪ್ ಬೇಕಾದರೆ ಗಿಟಾರಿಕ್ಸ್ ಇದೆ. ಇವನ್ನು ಹೊಗಳುವವರು ಅಷ್ಟಿಷ್ಟು ಸಿಗುತ್ತಾರೆ. ಅದರ ಕೆಳಗಡೆ, ಕಣ್ಣಿಗೆ ಬೀಳದ ಜಾಗದಲ್ಲಿ ಕೆಲಸ ಮಾಡುವವರನ್ನು ನೆನೆಯುವವರೇ ಕಮ್ಮಿ.

ಲ್ಯಾಪ್‌ಟಾಪ್‌ನ ಸೌಂಡ್ ಚಿಪ್ಪನ್ನೇ ತಗೊಳ್ಳಿ. ಅದರ ಯಾವ ಪಿನ್ ಸ್ಪೀಕರ್‌ಗೆ, ಯಾವುದು ಹೆಡ್‌ಫೋನ್‌ಗೆ, ಯಾವುದು ಮೈಕ್‌ಗೆ ಅನ್ನೋದನ್ನು ತಯಾರಕರು ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾದಾಗ ಮೊದಲು ಓಡುವ ಪ್ರೋಗ್ರಾಮ್‌ನಲ್ಲಿ) ಬರೆದಿಡಬೇಕು. ಎಷ್ಟೋ ಸಲ ತಪ್ಪಾಗಿ ಬರೆದಿರುತ್ತಾರೆ. ವಿಂಡೋಸ್‌ನಲ್ಲಿ ಚಿಪ್ಪನ್ನು ನಡೆಸುವ ಡ್ರೈವರ್‌ನಲ್ಲಿ ಸರಿ ಮಾಡಿಕೊಂಡರಾಯ್ತು ಅನ್ನೋ ಧೈರ್ಯ, ಅಲ್ವಾ? ಈಗ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ರಿಯಲ್‌ಟೆಕ್ ಕಂಪನಿಯ ಸೌಂಡ್ ಚಿಪ್‌ಗಳ ಡ್ರೈವರ್ ತೆಗೆದು ನೋಡಿ. ಉದ್ದೋ ಉದ್ದ ಪಟ್ಟಿ. ಒಂದೊಂದು ಸಾಲಿನಲ್ಲೂ ಕಂಪನಿಯ ನಂಬರ್, ಮಾಡೆಲ್‌ನ ನಂಬರ್, ಅದಕ್ಕೆ ಹಾಕಬೇಕಾದ ತೇಪೆಯ ಹೆಸರು, ಅಷ್ಟೇ. ಆ ಒಂದು ಸಾಲಿನ ಹಿಂದೆ, 'ಹೆಡ್‌ಫೋನ್ ಹಾಕಿದರೂ ಸ್ಪೀಕರ್ ಬಡ್ಕೊಳ್ತಾನೇ ಇದೆ' ಅಂತ ದೂರು ಕೊಟ್ಟವರು ಒಬ್ಬರಿರುತ್ತಾರೆ, ಆ ಲ್ಯಾಪ್‌ಟಾಪನ್ನು ಕಣ್ಣಲ್ಲೂ ನೋಡದೆ ಬರೀ ವಿವರ ಓದಿ 'ಇದನ್ನು ಹಾಕಿ ನೋಡಿ' ಅಂತ ಕೋಡಿನ ತಿದ್ದುಪಡಿ, ಅಂದರೆ ಪ್ಯಾಚ್, ಕಳಿಸಿದವರು ಇನ್ನೊಬ್ಬರಿರುತ್ತಾರೆ. ತಕಾಶಿ ಇವಾಯ್ ಈ ಕೆಲಸವನ್ನು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದಾರೆ. ಅವರಿಗೆ ಸೂಸೆ ಕಂಪನಿಯ ಸಂಬಳ ಇದೆ, ನಿಜ. ಸಂಬಳ ಕೊಟ್ಟ ಮಾತ್ರಕ್ಕೆ ಇಂಥ ತಾಳ್ಮೆ ಬರುತ್ತಾ ಹೇಳಿ! ಈ ಡ್ರೈವರ್‌ಗಳೆಲ್ಲ ಸೇರಿದ, ಅಲ್ಸಾ ಅನ್ನೋ ಲಿನಕ್ಸ್‌ನ ಸೌಂಡ್ ವ್ಯವಸ್ಥೆ ಶುರುವಾಗಿದ್ದೂ 1998ರಲ್ಲಿ, ಯಾರೋಸ್ಲಾವ್ ಕಿಸೆಲಾ ಗ್ರಾವಿಸ್ ಅಲ್ಟ್ರಾಸೌಂಡ್ ಅನ್ನೋ ಒಂದೇ ಒಂದು ಸೌಂಡ್ ಕಾರ್ಡಿಗೆ ಬರೆದ ಡ್ರೈವರ್‌ನಿಂದ.

ಪಾಲ್ ಡೇವಿಸ್ ಅವರದು ಇನ್ನೊಂದು ಥರ. ಆರ್ಡೋರ್ ಬರೆಯಲು ಕೂತವರು, ಒಂದು ಪ್ರೋಗ್ರಾಮಿನ ಸೌಂಡ್ ಇನ್ನೊಂದಕ್ಕೆ ಹರಿಯಲಿ ಅಂತ ಜ್ಯಾಕ್ ಕೂಡ ಬರೆದರು. ಸೌಂಡನ್ನು ಸೆಕೆಂಡಿಗೆ 48,000 ಸ್ಯಾಂಪಲ್ ಆಗಿ ಅಳೆದು, ಒಂದು ಸುತ್ತಿಗೆ 64 ಸ್ಯಾಂಪಲ್ (ಇದೇ ಬಫರ್) ಅಂತ ಇಟ್ಟರೆ ಪ್ರತಿ ಸುತ್ತಿಗೆ ಸಿಗುವುದು 1.33 ಮಿಲಿಸೆಕೆಂಡ್. ಅಷ್ಟರಲ್ಲಿ ಸಾಲಾಗಿ ಜೋಡಿಸಿದ ಎಲ್ಲ ಪ್ರೋಗ್ರಾಮುಗಳೂ ಲೆಕ್ಕ ಮುಗಿಸಬೇಕು. ಆ ಹೊತ್ತಲ್ಲಿ ಮೆಮೊರಿ ಕೇಳುವ ಹಾಗಿಲ್ಲ, ಡಿಸ್ಕ್ ಓದುವ ಹಾಗಿಲ್ಲ, ಬೇರೆ ಕೆಲಸ ಹಿಡಿದಿಟ್ಟ ಯಾವ ಲಾಕಿಗೂ ಕಾಯುವ ಹಾಗಿಲ್ಲ. ತಡವಾದರೆ ಕಿವಿಗೆ 'ಟಕ್' ಅಂತ ಹೊಡೆಯುತ್ತದೆ, ಅದೇ ಎಕ್ಸ್‌ರನ್. ಅದು ಬರಬಾರದು ಅಂತಲೇ, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಯುವಂತೆ ನೋಡಿಕೊಳ್ಳುವ ರಿಯಲ್‌ಟೈಮ್ ಕರ್ನಲ್ ಪ್ಯಾಚ್‌ಗಳನ್ನು ಹುಡುಕಿ ಹಾಕಿಕೊಳ್ಳುತ್ತಿದ್ದೆವು. ಅವು ಕೊನೆಗೂ ಮೂಲ ಕರ್ನಲ್ ಸೇರಿದ್ದು 2024ರಲ್ಲಿ, ಅದರ 6.12 ಆವೃತ್ತಿಯ ಹೊತ್ತಿಗೆ.

ಮತ್ತೆ ವಿಮ್ ಟೇಮನ್ಸ್. ಮೊದಲೆಲ್ಲ ಬ್ರೌಸರ್‌ನ ಸೌಂಡ್‌ಗೆ ಪಲ್ಸ್‌ಆಡಿಯೋ ಅನ್ನೋ ಪ್ರೋಗ್ರಾಮ್, ರೆಕಾರ್ಡಿಂಗ್‌ಗೆ ಜ್ಯಾಕ್, ಇವೆರಡರ ಜಗಳ ಬಿಡಿಸೋದರಲ್ಲೇ ಹಾಡುವ ಮೂಡು ಹೋಗುತ್ತಿತ್ತು. ಅವರ ಪೈಪ್‌ವೈರ್ ಎರಡರ ಕೆಲಸವನ್ನೂ ತಾನೇ ವಹಿಸಿಕೊಂಡಿತು, ಹಳೇ ಪ್ರೋಗ್ರಾಮುಗಳು ಏನೂ ಬದಲಾಗದೆ ಓಡುತ್ತವೆ. 1.0 ಬಂದಿದ್ದು 2023ರಲ್ಲಿ. ಈಗ ಎಷ್ಟೋ ಜನಕ್ಕೆ ಅದು ಓಡುತ್ತಿದೆ ಅನ್ನೋದೇ ಗೊತ್ತಿಲ್ಲ.

ಆರ್ಡೋರ್‌ನ ಸೋರ್ಸ್ ಕೋಡ್ ಸುಮ್ನೆ ಸಿಗುತ್ತದೆ, ಆದರೆ ಅವರ ಸೈಟಿನ ಹಾಗೇ ಹಾಕಿಕೊಂಡು ಓಡಿಸಬಹುದಾದ ರೆಡಿಮೇಡ್ ಬಿಲ್ಡ್‌ಗೆ ದುಡ್ಡು ಕೇಳುತ್ತಾರೆ. 'ಫ್ರೀ ಅಂದ್ರು, ದುಡ್ಡು ಕೇಳ್ತಾರೆ' ಅಂತ ಗೊಣಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೊಡೋಕೆ ಆಗದಿದ್ದರೆ ಬೇಡ. ಸೌಂಡ್ ಕೈಕೊಟ್ಟಾಗ ಸೌಂಡಿನ ವಿವರ ಒಟ್ಟುಮಾಡುವ ಅಲ್ಸಾ-ಇನ್ಫೋ ಸ್ಕ್ರಿಪ್ಟ್ ಓಡಿಸಿ, ಬಂದದ್ದನ್ನು ಜೊತೆಗಿಟ್ಟು, ಏನು ಮಾಡಿದಾಗ ಏನಾಯ್ತು ಅಂತ ಬರೆದು ಕಳಿಸಿ. 'ವರ್ಕ್ ಆಗ್ತಿಲ್ಲ' ಅಂತ ಒಂದೇ ಸಾಲು ಬರೆದರೆ ಅವರೇನು ಕಣಿ ಹೇಳ್ತಾರಾ?