ಬ್ರೌಸರ್‌ನಲ್ಲೇ ಆಫೀಸಿನ ಡೆಸ್ಕ್‌ಟಾಪ್: ಗ್ವಾಕಮೋಲೆಗೆ ಕೀಕ್ಲೋಕ್ ಲಾಗಿನ್ ಜೋಡಿಸಿದ ದಿನ

ಆಫೀಸಿನೊಳಗಿನ ವಿಂಡೋಸ್ ಯಂತ್ರಗಳು ಬ್ರೌಸರ್‌ನಲ್ಲೇ ತೆರೆಯಬೇಕು, ಅದಕ್ಕೆಂದು ಇನ್ನೊಂದು ಪಾಸ್‌ವರ್ಡ್ ಇರಬಾರದು. ಬೇಡಿಕೆ ಇಷ್ಟೇ ಇತ್ತು. ಲಾಗಿನ್‌ಗಳನ್ನು ಒಂದೇ ಕಡೆ ನೋಡಿಕೊಳ್ಳುವ ಕೀಕ್ಲೋಕ್ ಆಗಲೇ ಬಳಕೆಯಲ್ಲಿದ್ದುದರಿಂದ, ದೂರದ ಡೆಸ್ಕ್‌ಟಾಪನ್ನು ಬ್ರೌಸರ್‌ನಲ್ಲಿ ತೋರಿಸುವ ಅಪಾಚೆ ಗ್ವಾಕಮೋಲೆಯನ್ನು ಅದಕ್ಕೆ ಜೋಡಿಸುವುದೆಂದು ತೀರ್ಮಾನವಾಯಿತು. ಜನ ಕಡಿಮೆ ಇರುವ ಶನಿವಾರ ಇಂಥ ಕೆಲಸಕ್ಕೆ ಸರಿಯಾದ ದಿನ.

ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಬೇರೆಬೇರೆ ಡಬ್ಬಿಗಳಲ್ಲಿ ಓಡಿಸುವ ಡಾಕರ್‌ನಲ್ಲಿ ಮೂರು ಕಂಟೇನರ್ ಬೇಕು. ವಿಂಡೋಸ್ ಡೆಸ್ಕ್‌ಟಾಪನ್ನು ದೂರದಿಂದ ತೆರೆಯುವ ಭಾಷೆಯಾದ ಆರ್‌ಡಿಪಿ ಮಾತಾಡುವ ಗ್ವಾಕ್‌ಡಿ ಪೋರ್ಟ್ 4822ರಲ್ಲಿ, ಟಾಮ್‌ಕ್ಯಾಟ್ ಮೇಲೆ ಓಡುವ ವೆಬ್ ಆ್ಯಪ್ 8080ರಲ್ಲಿ, ಬಳಕೆದಾರರನ್ನೂ ಕನೆಕ್ಷನ್‌ಗಳನ್ನೂ ಇಟ್ಟುಕೊಳ್ಳಲು ಪೋಸ್ಟ್‌ಗ್ರೆಸ್ ಡೇಟಾಬೇಸ್. ಗ್ವಾಕ್‌ಡಿ ಯಾರು ಬಂದರೂ ನೀನ್ಯಾರು ಎಂದು ಕೇಳುವುದಿಲ್ಲ. ಹಾಗಾಗಿ 4822 ಕಂಟೇನರ್‌ಗಳ ಒಳ ನೆಟ್‌ವರ್ಕ್ ದಾಟಿ ಆಚೆ ಕಾಣಲೇಬಾರದು. ಮುಂದೆ ನಿಂತು ಬ್ರೌಸರ್‌ಗಳ ಕೋರಿಕೆಯನ್ನು ಒಳಗೆ ದಾಟಿಸುವ ಎನ್‌ಜಿನ್‌ಎಕ್ಸ್‌ನಲ್ಲಿ ಪ್ರಾಕ್ಸಿ ಬಫರಿಂಗ್ ಆಫ್ ಮಾಡಿ, ಎಚ್‌ಟಿಟಿಪಿ 1.1 ಇಟ್ಟು, ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳನ್ನು ಹಿಂದಕ್ಕೆ ದಾಟಿಸಬೇಕು. ಇದನ್ನು ಬಿಟ್ಟರೂ ಡೆಸ್ಕ್‌ಟಾಪ್ ತೆರೆಯುತ್ತದೆ, ಮೋಸ ಇರುವುದು ಅಲ್ಲೇ. ಸತತ ತೆರೆದಿರುವ ಸಂಪರ್ಕವಾದ ವೆಬ್‌ಸಾಕೆಟ್ ಸಿಗದಿದ್ದರೆ ಗ್ವಾಕಮೋಲೆ ಸದ್ದಿಲ್ಲದೆ ಮಾಮೂಲಿ ಎಚ್‌ಟಿಟಿಪಿಗೆ ಇಳಿಯುತ್ತದೆ. ಮೌಸ್ ಎಳೆದಂತಾಗುತ್ತದೆ, ಜನ ನೆಟ್‌ವರ್ಕ್ ಸ್ಲೋ ಎಂದು ದೂರುತ್ತಾರೆ.

ಎಸ್‌ಎಸ್‌ಒಗೆ (ಎಲ್ಲಕ್ಕೂ ಒಂದೇ ಲಾಗಿನ್) ಕೈ ಹಾಕುವ ಮೊದಲೇ ಗ್ವಾಕ್‌ಅಡ್ಮಿನ್ ಎಂಬ ಮೂಲ ಖಾತೆಯಲ್ಲಿ ಒಳಗೆ ಹೋಗಿ ಒಂದು ಯಂತ್ರ ತೆರೆದು ನೋಡಿಬಿಡಬೇಕು. ಆಮೇಲೆ ಏನೇ ಕೆಟ್ಟರೂ ತಪ್ಪು ಲಾಗಿನ್ ಭಾಗದಲ್ಲೇ ಇದೆ ಎಂದು ಖಚಿತವಾಗುತ್ತದೆ. ಅದೇ ಹೊತ್ತಿಗೆ ಕೀಕ್ಲೋಕ್‌ನಲ್ಲಿ ನಿಮಗಿರುವ ಯೂಸರ್‌ನೇಮನ್ನೇ ಅಕ್ಷರವೂ ಬದಲಾಗದಂತೆ ಇಲ್ಲೂ ಸೃಷ್ಟಿಸಿ, ಅದಕ್ಕೆ ಎಲ್ಲ ಆಡಳಿತ ಅನುಮತಿ ಕೊಡಿ. ಕೀಕ್ಲೋಕ್ ಲಾಗಿನ್ ತರುವ ಓಪನ್‌ಐಡಿ ಆದ್ಯತೆಯಲ್ಲಿ ಮೊದಲಾದ ಮೇಲೆ ಹಳೆಯ ಲಾಗಿನ್ ಪುಟ ಕಾಣುವುದೇ ಇಲ್ಲ, ಆಗ ಒಳಬರುವ ದಾರಿ ಈ ಖಾತೆಯೊಂದೇ. ಅದು ಸರಿಯಾಗಿ ಕೆಲಸ ಮಾಡಿದ್ದು ನೋಡಿದ ಮೇಲೆ ಗ್ವಾಕ್‌ಅಡ್ಮಿನ್ ಅಳಿಸಿ.

ಕೀಕ್ಲೋಕ್‌ನಲ್ಲಿ ಗ್ವಾಕಮೋಲೆಗೆಂದು ಹೊಸ ಕ್ಲೈಂಟ್ (ಲಾಗಿನ್ ಕೇಳುವ ಆ್ಯಪ್‌ನ ನಮೂದು) ಮಾಡುವಾಗ ಹೆಚ್ಚಿನವರು ಎಡವುವ ಜಾಗ ಇಂಪ್ಲಿಸಿಟ್ ಫ್ಲೋ. ಅದು ತಾನಾಗಿ ಆನ್ ಇರುವುದಿಲ್ಲ. ಗ್ವಾಕಮೋಲೆ 1.5ರ ಓಪನ್‌ಐಡಿ ಎಕ್ಸ್‌ಟೆನ್ಶನ್ ಐಡಿ ಟೋಕನ್ನನ್ನು (ಬಳಕೆದಾರ ಯಾರೆಂದು ಕೀಕ್ಲೋಕ್ ಸಹಿ ಹಾಕಿ ಕೊಡುವ ಚೀಟಿ) ನೇರವಾಗಿ ಬ್ರೌಸರ್ ಮೂಲಕವೇ ಪಡೆಯುವುದರಿಂದ ಅದನ್ನು ಆನ್ ಮಾಡಲೇಬೇಕು. ಲಾಗಿನ್ ನಂತರ ಮರಳುವ ರೀಡೈರೆಕ್ಟ್ ವಿಳಾಸ ಎರಡೂ ಕಡೆ ಒಂದೇ ಇರಬೇಕು. ಕೊನೆಯ ಒಂದು ಓರೆಗೆರೆ ಹೆಚ್ಚುಕಡಿಮೆಯಾದರೂ ಕೀಕ್ಲೋಕ್ ಅಲ್ಲೇ ತಡೆಯುತ್ತದೆ. ಟೋಕನ್ ಕೊಟ್ಟವರನ್ನು ಗುರುತಿಸುವ ಇಷ್ಯೂಯರ್ ವಿಳಾಸವೂ ಹಾಗೇ. ಕೀಕ್ಲೋಕ್ 17ರಿಂದ ವಿಳಾಸದಲ್ಲಿದ್ದ 'ಆತ್' ಭಾಗ ಹೋಗಿದೆ, ಹಳೆಯ ಟಿಪ್ಪಣಿ ನೋಡಿ ಬರೆದರೆ ಅದು ಉಳಿದುಬಿಡುತ್ತದೆ.

ಈಗ ಈ ಕೆಲಸದ ಅತಿ ಪರಿಚಿತ ತೊಂದರೆ. ಲಾಗಿನ್ ಸರಿಯಾಗುತ್ತದೆ, ಪುಟ ಗ್ವಾಕಮೋಲೆಗೆ ಬರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಕೀಕ್ಲೋಕ್, ಮತ್ತೆ ಗ್ವಾಕಮೋಲೆ. ಅಡ್ರೆಸ್ ಬಾರ್ ಮಿಂಚುತ್ತಲೇ ಇರುತ್ತದೆ. ಬ್ರೌಸರ್ ನೋಡುತ್ತ ಕೂರಬೇಡಿ, ವೆಬ್ ಆ್ಯಪ್ ಕಂಟೇನರ್‌ನ ಲಾಗ್ ತೆರೆಯಿರಿ. ಬಂದ ಟೋಕನ್ ಅಮಾನ್ಯ ಎಂದು ಅಲ್ಲಿ ಕಾರಣಸಮೇತ ಬರೆದಿರುತ್ತದೆ. ಒಳ ನೆಟ್‌ವರ್ಕ್‌ನಲ್ಲಿ ಬಹುಪಾಲು ಅದು ಪಿಕೆಐಎಕ್ಸ್ ದೋಷ, ಅಂದರೆ ಸರ್ಟಿಫಿಕೇಟನ್ನು ನಂಬದ ತಕರಾರು. ಟೋಕನ್ ಸಹಿ ಪರೀಕ್ಷಿಸಲು ವೆಬ್ ಆ್ಯಪ್ ತಾನೇ ಕೀಕ್ಲೋಕ್‌ನಿಂದ ಕೀಲಿಗಳನ್ನು ತರಿಸಿಕೊಳ್ಳುತ್ತದೆ. ಕೀಕ್ಲೋಕ್‌ನ ಸರ್ಟಿಫಿಕೇಟ್ ಆಫೀಸಿನ ಸ್ವಂತ ಸಿಎ (ಸರ್ಟಿಫಿಕೇಟ್ ನೀಡುವ ವ್ಯವಸ್ಥೆ) ಕೊಟ್ಟದ್ದಾದರೆ ಕಂಟೇನರ್ ಒಳಗಿನ ಜಾವಾ ಅದನ್ನು ನಂಬುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನ ಬ್ರೌಸರ್ ನಂಬುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕೀಟೂಲ್ ಬಳಸಿ ಆ ಸಿಎಯ ರೂಟ್ ಸರ್ಟಿಫಿಕೇಟನ್ನು ಜಾವಾ ನಂಬುವವರ ಪಟ್ಟಿಯಾದ ಟ್ರಸ್ಟ್‌ಸ್ಟೋರ್‌ಗೆ ಸೇರಿಸಿ. ಇದನ್ನು ಕಂಟೇನರ್‌ನ ಅಚ್ಚಾದ ಇಮೇಜ್ ಕಟ್ಟುವಾಗಲೇ ಮಾಡಿ, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ಗೆ ಕಳೆದುಹೋಗುತ್ತದೆ. ಎರಡನೆಯ ಶಂಕಿತ ಗಡಿಯಾರ. ಗ್ವಾಕಮೋಲೆ ಸಹಿಸುವ ವ್ಯತ್ಯಾಸ 30 ಸೆಕೆಂಡ್ ಮಾತ್ರ. ಅದನ್ನು ಹೆಚ್ಚಿಸುವ ಬದಲು ಎರಡೂ ಸರ್ವರ್‌ಗೆ ಗಡಿಯಾರ ಹೊಂದಿಸುವ ಕ್ರೋನಿ ಹಾಕಿ ಒಂದೇ ಸಮಯ ಮೂಲ ತೋರಿಸುವುದೇ ಸರಿ.

ಒಳಗೆ ಬಂದಾಯಿತು, ಆದರೆ ಪುಟ ಖಾಲಿ, ಒಂದೂ ಯಂತ್ರವಿಲ್ಲ. ಅನುಮತಿಗಳಿರುವುದು ಪೋಸ್ಟ್‌ಗ್ರೆಸ್‌ನಲ್ಲಿ, ಹೆಸರು ಬರುವುದು ಟೋಕನ್‌ನಿಂದ, ಎರಡೂ ಕೂಡದಿದ್ದರೆ ಹೀಗಾಗುತ್ತದೆ. ಗ್ವಾಕಮೋಲೆ ತಾನಾಗಿ ಇಮೇಲನ್ನು ಯೂಸರ್‌ನೇಮ್ ಎಂದು ಹಿಡಿಯುತ್ತದೆ. ಅದನ್ನು ಪ್ರಿಫರ್ಡ್ ಯೂಸರ್‌ನೇಮ್ ಕ್ಲೇಮ್‌ಗೆ (ಟೋಕನ್‌ನೊಳಗಿನ ಮಾಹಿತಿ ಕಲಂ) ಬದಲಿಸಿ. ಮುಂದೆ ವಿಂಡೋಸ್ ಖಾತೆಗೂ ಇದೇ ಹೆಸರು ಬೇಕಾಗುತ್ತದೆ. ಒಬ್ಬೊಬ್ಬರಿಗೂ ಅನುಮತಿ ಕೊಡುವ ಬದಲು ಗುಂಪಿಗೆ ಕೊಡುವುದು ಒಳ್ಳೆಯದು. ಅಕೌಂಟ್ಸ್ ಗುಂಪಿಗೆ ಅಕೌಂಟ್ಸ್ ಯಂತ್ರಗಳು, ಹೊಸಬರು ಬಂದರೆ ಕೀಕ್ಲೋಕ್‌ನಲ್ಲಿ ಗುಂಪಿಗೆ ಸೇರಿಸಿದರೆ ಮುಗಿಯಿತು. ಆದರೆ ಗುಂಪಿನ ಹೆಸರನ್ನು ಟೋಕನ್‌ಗೆ ಹಾಕುವ ಕೀಕ್ಲೋಕ್‌ನ ಗ್ರೂಪ್ ಮ್ಯಾಪರ್‌ನಲ್ಲಿ 'ಫುಲ್ ಗ್ರೂಪ್ ಪಾತ್' ಆನ್ ಇರುತ್ತದೆ. ಆಗ ಗುಂಪಿನ ಹೆಸರಿನ ಮುಂದೆ ಒಂದು ಓರೆಗೆರೆ ಅಂಟಿ ಬರುತ್ತದೆ, ಗ್ವಾಕಮೋಲೆಗೆ ಅದು ಬೇರೆಯೇ ಗುಂಪು. ಅದನ್ನು ಆಫ್ ಮಾಡಿ.

ಈ ಏರ್ಪಾಡಿನ ಮಿತಿಯನ್ನು ಆಡಳಿತ ಮಂಡಳಿಗೆ ಮೊದಲೇ ಹೇಳಬೇಕು. ಕೀಕ್ಲೋಕ್ ಪಾಸ್‌ವರ್ಡನ್ನು ಗ್ವಾಕಮೋಲೆಗೆ ಕೊಡುವುದಿಲ್ಲ, ಕೊಡಲೂಬಾರದು. ಹಾಗಾಗಿ ಪೋರ್ಟಲ್‌ವರೆಗೆ ಒಂದೇ ಲಾಗಿನ್. ವಿಂಡೋಸ್ ಬಾಗಿಲಲ್ಲಿ ಪಾಸ್‌ವರ್ಡ್ ಮತ್ತೆ ಹಾಕಬೇಕು. ಇದನ್ನು ತಪ್ಪಿಸಲು ಕನೆಕ್ಷನ್‌ನಲ್ಲೇ ಒಂದು ಸಾಮಾನ್ಯ ಖಾತೆಯ ಪಾಸ್‌ವರ್ಡ್ ಬರೆದಿಡುವವರಿದ್ದಾರೆ. ಹಾಗೆ ಮಾಡಿದರೆ ವಿಂಡೋಸ್ ಲಾಗ್‌ನಲ್ಲಿ ಎಲ್ಲರೂ ಒಬ್ಬರೇ ಆಗುತ್ತಾರೆ. ಯಾವ ಕಡತವನ್ನು ಯಾರು ಅಳಿಸಿದರು ಎಂಬುದಕ್ಕೆ ಉತ್ತರವೇ ಇರುವುದಿಲ್ಲ. ನನ್ನ ಮಟ್ಟಿಗೆ ಅದು ಒಪ್ಪತಕ್ಕದ್ದಲ್ಲ. ಯೂಸರ್‌ನೇಮ್ ಜಾಗದಲ್ಲಿ ಗ್ವಾಕಮೋಲೆಯ ಯೂಸರ್‌ನೇಮ್ ಟೋಕನ್ (ಲಾಗಿನ್ ಆದವರ ಹೆಸರನ್ನು ತಾನಾಗಿ ತುಂಬುವ ಗುರುತು) ಹಾಕಿ, ಪಾಸ್‌ವರ್ಡ್ ಖಾಲಿ ಬಿಡಿ, ಸೆಕ್ಯುರಿಟಿ ಮೋಡ್ ಎನ್‌ಎಲ್‌ಎ (ಡೆಸ್ಕ್‌ಟಾಪ್ ತೆರೆಯುವ ಮೊದಲೇ ಗುರುತು ಪರೀಕ್ಷೆ) ಇಡಿ. ಕನೆಕ್ಷನ್ ತೆರೆದಾಗ ಪಾಸ್‌ವರ್ಡ್ ಮಾತ್ರ ಕೇಳುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವ ವಿಭಾಗಗಳಿಗೆ ಕೀಬೋರ್ಡ್ ಲೇಔಟ್ ಮುಖ್ಯ. ವಿಂಡೋಸ್ ಯಂತ್ರದೊಳಗೆ ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ' ಓಡುತ್ತಿದ್ದರೆ ಅಮೆರಿಕನ್ ಇಂಗ್ಲಿಷ್ ಕ್ವೆರ್ಟಿ ಆರಿಸಿ, ಬಳಕೆದಾರರ ಸ್ವಂತ ಯಂತ್ರವನ್ನು ಇಂಗ್ಲಿಷ್‌ನಲ್ಲೇ ಇರಿಸಿ. ಫೇಲ್‌ಸೇಫ್ ಲೇಔಟ್ ಇಲ್ಲಿ ಬೇಡ, ಅದು ನುಡಿಗೆ ಬೇಕಾದ ಕೀಲಿ ಒತ್ತಿದ್ದನ್ನು ಕಳಿಸದೆ ಯೂನಿಕೋಡ್ ಅಕ್ಷರವನ್ನಷ್ಟೇ ಕಳಿಸುತ್ತದೆ. ಪ್ರಿಂಟ್ ಆನ್ ಮಾಡಿದರೆ ಕಾಗದದ ಬದಲು ಪಿಡಿಎಫ್ ಬ್ರೌಸರ್‌ಗೆ ಇಳಿಯುತ್ತದೆ. ಅಕೌಂಟ್ಸ್ ಯಂತ್ರಗಳಿಗೆ ಅದನ್ನೂ, ಕಾಪಿ-ಪೇಸ್ಟನ್ನೂ, ಡೌನ್‌ಲೋಡನ್ನೂ ಯೋಚಿಸಿಯೇ ಕೊಡಿ. ವಿಂಡೋಸ್ 10 ಅಥವಾ 11 ಪ್ರೊ ಯಂತ್ರದಲ್ಲಿ ಒಮ್ಮೆಗೆ ಒಬ್ಬರೇ ಕೂರಬಹುದು ಎಂಬುದೂ ನೆನಪಿರಲಿ, ಹಂಚಿಕೊಳ್ಳಲು ವಿಂಡೋಸ್ ಸರ್ವರ್ ಮತ್ತು ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್) ಲೈಸೆನ್ಸ್ ಬೇಕು.

ಕೆಲಸ ಬಿಟ್ಟು ಹೋದವರ ಖಾತೆಯನ್ನು ಕೀಕ್ಲೋಕ್‌ನಲ್ಲಿ ನಿಲ್ಲಿಸಿದರೆ ಹೊಸ ಲಾಗಿನ್ ಮಾತ್ರ ನಿಲ್ಲುತ್ತದೆ, ಆಗಲೇ ತೆರೆದಿರುವ ಡೆಸ್ಕ್‌ಟಾಪ್ ನಡೆಯುತ್ತಲೇ ಇರುತ್ತದೆ. ಸೆಟ್ಟಿಂಗ್ಸ್‌ನ ಆ್ಯಕ್ಟಿವ್ ಸೆಷನ್ಸ್ ಪಟ್ಟಿಗೆ ಹೋಗಿ ಅದನ್ನು ಕೈಯಾರೆ ಕಡಿಯಬೇಕು. ಆ ವಿಂಡೋಸ್ ಯಂತ್ರದಲ್ಲಿ ಡಿಸ್‌ಕನೆಕ್ಟ್ ಆಗಿ ಉಳಿದ ಸೆಷನ್ನನ್ನೂ ಸೈನ್ ಔಟ್ ಮಾಡಿಸಬೇಕು. ಈ ಎರಡು ಹೆಜ್ಜೆಗಳನ್ನು ಎಚ್‌ಆರ್‌ನವರ ಬಿಡುಗಡೆ ಪಟ್ಟಿಯಲ್ಲಿ ಬರೆಸಿದ ಮೇಲೆಯೇ ಪೋರ್ಟಲ್ ವಿಳಾಸವನ್ನು ಎಲ್ಲರಿಗೂ ಕಳಿಸಿದ್ದು.