ಶ್ರುತಿಯನ್ನೇ ಮುಂದೆ ತಂದ ಡಬ್ಲಿನ್ ತಂಡ

ಐರಿಷ್ ಸಂಗೀತ ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಪಬ್ಬು, ಬಿಯರು, ಮೇಜು ಕುಟ್ಟಿಕೊಂಡು ಹಾಡುವ ಗುಂಪು. ಅದೂ ಇದೆ, ಇಲ್ಲ ಅನ್ನಲ್ಲ. ಆದರೆ ಡಬ್ಲಿನ್‌ನ ಲ್ಯಾಂಕಮ್ ತಂಡದ ಹಾಡು ಒಮ್ಮೆ ಕೇಳಿ. ಅದೇ ಹಳೆಯ ಹಾಡುಗಳು ಎದೆ ಮೇಲೆ ಕೂತ ಹಾಗೆ ಭಾರವಾಗಿ ಬರುತ್ತವೆ.

‘ದಿ ವೈಲ್ಡ್ ರೋವರ್’ ಹಾಡನ್ನೇ ತಗೊಳ್ಳಿ. ದುಡಿದದ್ದೆಲ್ಲ ಕುಡಿತಕ್ಕೆ ಸುರಿದವನ ಕಥೆ ಅದು. ಪಬ್ಬಿನಲ್ಲಿ ಪಲ್ಲವಿ ಬಂದರೆ ಸಾಕು, ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ. ಲ್ಯಾಂಕಮ್‌ನ 2019ರ ಆಲ್ಬಂ ‘ದಿ ಲಿವ್‌ಲಾಂಗ್ ಡೇ’ ಶುರುವಾಗುವುದೇ ಈ ಹಾಡಿನಿಂದ. ಸುಮಾರು 10 ನಿಮಿಷ ಇದೆ. ಚಪ್ಪಾಳೆಗೆ ಜಾಗವೇ ಇಲ್ಲ. ಕೆಳಗೆ ಒಂದು ಶ್ರುತಿ ಗುಂಯ್ ಅಂತ ಎದ್ದು ನಿಲ್ಲುತ್ತದೆ, ಅದರ ಮೇಲೆ ತಂಡದ ರೇಡಿ ಪೀಟ್ ಹಾಡುತ್ತಾರೆ. ಒಂಚೂರೂ ನಯ ಮಾಡದ, ನೇರವಾದ ಗಟ್ಟಿ ದನಿ. ಆಮೇಲೆ ಉಳಿದವರು ಸೇರಿಕೊಳ್ಳುತ್ತಾರೆ. ಕೊನೆಕೊನೆಗೆ ಆ ಶ್ರುತಿಯೇ ಉಬ್ಬಿ ಉಬ್ಬಿ ಹಾಡನ್ನೆಲ್ಲ ನುಂಗಿಬಿಡುತ್ತದೆ. ಮಜಾ ಹಾಡು ಅಂದುಕೊಂಡದ್ದು ಒಬ್ಬ ಮನುಷ್ಯ ಹಾಳಾದ ಕಥೆ ಅಂತ ಆಗ ಮನಸ್ಸಿಗೆ ನಾಟುತ್ತದೆ.

ನಾನು ಹೊನ್ನಾವರದ ಕಡೆಯವಳು. ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಈ ಶ್ರುತಿಯ ರುಚಿ ಗೊತ್ತಿರುತ್ತದೆ ಅಲ್ವಾ? ಹಿಂದೆ ಪುಂಗಿ ಊದುತ್ತಿದ್ದರು, ಈಗ ಹಾರ್ಮೋನಿಯಂ ಅಥವಾ ಶ್ರುತಿ ಪೆಟ್ಟಿಗೆ. ಅದನ್ನು ಯಾರೂ ಬೇರೆಯಾಗಿ ಗಮನಿಸುವುದಿಲ್ಲ, ಆದರೆ ನಿಂತರೆ ಇಡೀ ರಂಗಸ್ಥಳ ಖಾಲಿ ಅನ್ನಿಸುತ್ತದೆ. ಹಿಂದೆ ಇರಬೇಕಾದ ಆ ಸದ್ದನ್ನು ಲ್ಯಾಂಕಮ್‌ನವರು ಎಳೆದು ತಂದು ಮುಂದೆ ಕೂರಿಸಿದ್ದಾರೆ. ರೇಡಿ ನುಡಿಸುವ ವಾದ್ಯಗಳಲ್ಲಿ ಹಾರ್ಮೋನಿಯಂ ಕೂಡ ಒಂದು.

ಹಾಗಂತ ಈ ಶ್ರುತಿ ಹೊರಗಿನಿಂದ ತಂದದ್ದಲ್ಲ. ತಂಡದ ಇಯಾನ್ ಲಿಂಚ್ ನುಡಿಸುವ ಇಲನ್ ಪೈಪ್ಸ್ ಅನ್ನುವ ಐರಿಷ್ ಬ್ಯಾಗ್‌ಪೈಪ್ ನೋಡಿ. ಇದು ಕೂತು ನುಡಿಸುವ ವಾದ್ಯ, ಬಾಯಿಂದ ಊದುವುದಿಲ್ಲ. ಒಂದು ಮೊಣಕೈ ತಿದಿ ಒತ್ತುತ್ತದೆ, ಇನ್ನೊಂದು ಮೊಣಕೈ ಗಾಳಿ ತುಂಬಿದ ಚೀಲ ಅಮುಕುತ್ತದೆ. ಬೆರಳುಗಳು ರಾಗ ನುಡಿಸುತ್ತವೆ. ತೊಡೆ ಮೇಲೆ ಮಲಗಿರುವ ಮೂರು ಕೊಳವೆಗಳು ಒಂದೇ ಸ್ವರ ಹಿಡಿದು ನಿಲ್ಲುತ್ತವೆ. ಜೊತೆಗೆ ಇನ್ನೂ ಕೆಲವು ಕೊಳವೆಗಳಿಗೆ ಕೀಲಿಗಳಿವೆ, ಅವನ್ನು ಮಣಿಕಟ್ಟಿನ ಪಕ್ಕದಿಂದ ಒತ್ತಬೇಕು! ಒಬ್ಬನೇ ಮನುಷ್ಯ, ಆದರೆ ಇಡೀ ಮೇಳ. ಈ ವಾದನ 2017ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು.

ಹೊಸತನ ಅಂದರೆ ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಸೇರಿಸುವುದು ಅಂತ ಸುಮ್ನೆ ಅಂದುಕೊಂಡುಬಿಡುತ್ತೇವೆ. ಐರ್ಲೆಂಡಿನಲ್ಲಿ ಒಂದೊಂದು ತಲೆಮಾರು ಒಂದೊಂದು ದಾರಿ ಹಿಡಿದಿದೆ. 1972ರಲ್ಲಿ ಶುರುವಾದ ಪ್ಲ್ಯಾಂಕ್ಸ್ಟಿ ತಂಡ ಪೈಪ್ಸ್ ಪಕ್ಕದಲ್ಲಿ ಗ್ರೀಸ್‌ನಿಂದ ಬಂದ ಬುಝೂಕಿ ಅನ್ನುವ ತಂತಿವಾದ್ಯ ಇಟ್ಟಿತು. ಲ್ಯಾಂಕಮ್ ಮಾಡಿದ್ದು ಬೇರೆ: ಹಾಡನ್ನು ನಿಧಾನ ಮಾಡಿದರು, ಒಳಗೇ ಇದ್ದ ಶ್ರುತಿಯನ್ನು ಹಿಗ್ಗಿಸಿದರು. ನನಗೆ ಇದೇ ಜಾಸ್ತಿ ಧೈರ್ಯದ ಕೆಲಸ ಅನ್ನಿಸುತ್ತದೆ.

ಹಳೆಯದನ್ನಷ್ಟೇ ಹಾಡುವವರಲ್ಲ ಇವರು. ಇಯಾನ್ ಬರೆದ ‘ಹಂಟಿಂಗ್ ದಿ ರೆನ್’ ಅನ್ನುವ ಹಾಡಿದೆ. ರೆನ್ ಅಂದರೆ ಒಂದು ಪುಟ್ಟ ಹಕ್ಕಿ. 19ನೇ ಶತಮಾನದಲ್ಲಿ ಕಿಲ್ಡೇರ್ ಕೌಂಟಿಯ ಕರ್ರಾ ಬಯಲಲ್ಲಿ ಸೈನ್ಯದ ದೊಡ್ಡ ಶಿಬಿರ ಇತ್ತು. ಅದರ ಆಸುಪಾಸಿನ ಮುಳ್ಳುಪೊದೆಗಳಲ್ಲಿ, ಹಕ್ಕಿಗೂಡಿನಂಥ ಗುಡಿಸಲು ಮಾಡಿಕೊಂಡು ಕೆಲವು ಹೆಂಗಸರು ಬದುಕುತ್ತಿದ್ದರು. ಊರಿನವರು ದೂರ ಇಟ್ಟವರು. ಜನ ಅವರನ್ನು ಕರೆಯುತ್ತಿದ್ದದ್ದೇ ರೆನ್ ಹಕ್ಕಿಗಳು ಅಂತ. ಆ ದೇಶದಲ್ಲಿ ಕ್ರಿಸ್ಮಸ್ ಮರುದಿನ ರೆನ್ ಹಕ್ಕಿಯನ್ನು ಬೇಟೆಯಾಡುವ ಹಳೆಯ ಪದ್ಧತಿಯೂ ಇತ್ತು. ಇವೆರಡನ್ನೂ ಒಂದೇ ಹಾಡಿನಲ್ಲಿ ಹೆಣೆದಿದ್ದಾರೆ. ಕೇಳುವಾಗ ಇದು ಈಚೆಗೆ ಬರೆದದ್ದು ಅಂತ ನನಗೆ ನಂಬಲಿಕ್ಕೇ ಆಗಲಿಲ್ಲ.

ಇಯಾನ್ ಮತ್ತು ಡಾರಾ ಲಿಂಚ್ ಅಣ್ಣತಮ್ಮಂದಿರು. ಪಿಟೀಲು ಕೊರ್ಮಾಕ್ ಮೆಕ್‌ಡಿಯರ್ಮಡ ಅವರದ್ದು. ಮೊದಲು ತಂಡಕ್ಕೆ ಲಿಂಚ್ ಸೋದರರ ಮನೆತನದ ಹೆಸರಿನಿಂದಲೇ ‘ಲಿಂಚ್ಡ್’ ಅಂತ ಹೆಸರಿತ್ತು. ಇಂಗ್ಲಿಷಿನಲ್ಲಿ ಲಿಂಚ್ ಅಂದರೆ ಗುಂಪು ಸೇರಿ ಕೊಲ್ಲುವುದು ಅಂತಲೂ ಅರ್ಥ. ಆ ಪದದ ಹಿಂದೆ ಕಪ್ಪು ಜನರನ್ನು ಕೊಂದ ಕ್ರೂರ ಚರಿತ್ರೆ ಇದೆ ಅಂತ 2016ರಲ್ಲಿ ಬದಲಾಯಿಸಿದರು. ಹೊಸ ಹೆಸರು ಸಿಕ್ಕಿದ್ದು ಜಾನ್ ರೈಲಿ ಹಾಡುತ್ತಿದ್ದ ಒಂದು ಲಾವಣಿಯಿಂದ. ಅವರು ಐರಿಷ್ ಟ್ರಾವೆಲರ್ ಅನ್ನುವ ಅಲೆಮಾರಿ ಸಮುದಾಯದವರು, ಬಡತನದಲ್ಲೇ ತೀರಿಹೋದವರು. ಬೆಳೆಯುತ್ತಿರುವ ತಂಡ ಇದ್ದ ಹೆಸರು ಬಿಟ್ಟು, ಇಂಥ ಹಾಡುಗಾರನ ಹಾಡಿನ ಹೆಸರು ಇಟ್ಟುಕೊಂಡದ್ದು ನನಗೆ ತುಂಬಾ ಇಷ್ಟವಾಯಿತು.

2023ರ ‘ಫಾಲ್ಸ್ ಲ್ಯಾಂಕಮ್’ ಆಲ್ಬಂ, ಬ್ರಿಟನ್ ಮತ್ತು ಐರ್ಲೆಂಡಿನ ಆಲ್ಬಂಗಳಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೂ ಹೋಯಿತು. ಆದರೆ ಮೊದಲ ಸಲ ಕೇಳುವವರು ಅಲ್ಲಿಂದ ಶುರು ಮಾಡಬೇಡಿ. ಅದರ ಮೊದಲ ಹಾಡು ‘ಗೋ ಡಿಗ್ ಮೈ ಗ್ರೇವ್’ ತುಂಬಾ ಕತ್ತಲು, ಗಾಬರಿಯಾಗಬಹುದು. ‘ಹಂಟಿಂಗ್ ದಿ ರೆನ್’ ಮೊದಲು ಕೇಳಿ, ಆಮೇಲೆ ‘ದಿ ವೈಲ್ಡ್ ರೋವರ್’. ಮೊಬೈಲ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಕೆಳಗಿನ ಶ್ರುತಿ ಅದರಲ್ಲಿ ಕೇಳಿಸುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, 10 ನಿಮಿಷವೂ ಪೂರ್ತಿ ಕೇಳಿ.